ಹಿಡಿಯುವವರು ಯಾರು?

ಒಂದು ಸೀರೆ ಕೊಳ್ಳಬೇಕಾದರೆ ನಾವು ಹೆಂಗಸರು ನಾಲ್ಕು ಅಂಗಡಿ ಹತ್ತಿ ಇಳಿಯುತ್ತೇವೆ. ಅಂಚು ನೋಡುತ್ತೇವೆ, ಸೆರಗು ಬಿಡಿಸಿ ನೋಡುತ್ತೇವೆ, ಬಣ್ಣ ಬಿಟ್ಟೀತೇ ಎಂದು ಎರಡೆರಡು ಸಲ ಕೇಳುತ್ತೇವೆ. ಕುಕ್ಕರ್ ಕೊಳ್ಳುವಾಗ ಮುಚ್ಚಳ ಹಾಕಿ ತೆಗೆದು ನೋಡದೆ ಬಿಡುವವರಿಲ್ಲ. ಆದರೆ ಹಿತ್ತಿಲಿಗೆ ಒಂದು ಗುದ್ದಲಿಯೋ ಕುರ್ಪಿಯೋ ಬೇಕಾದಾಗ ಮಾತ್ರ "ಬರುವಾಗ ಒಂದು ತಂದುಬಿಡಿ" ಎಂದು ಮನೆಯವರಿಗೆ ಹೇಳಿ ಸುಮ್ಮನಾಗುತ್ತೇವೆ. ಅವರು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ನಲ್ಲಿಯ ವಾಷರು ಇವುಗಳ ಜೊತೆಗೆ ಕೈಗೆ ಸಿಕ್ಕಿದ್ದೊಂದನ್ನು ತರುತ್ತಾರೆ. ಈಚೀಚೆಗೆ ಫೋನಿನಲ್ಲಿ ಚಿತ್ರ ನೋಡಿ ತರಿಸುವುದೂ ಉಂಟು. ಹಸಿರು ಹಿಡಿ, ಹೊಳೆಯುವ ತಗಡು, ನೋಡಲು ಚಂದ. ಅದು ಹಿತ್ತಿಲ ಮೂಲೆ ಸೇರುತ್ತದೆ. ಅದನ್ನು ಹಿಡಿದು ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆ ಈ ವ್ಯಾಪಾರದಲ್ಲಿ ಎಲ್ಲಿಯೂ ಏಳುವುದಿಲ್ಲ.

ಆ ಪ್ರಶ್ನೆಯನ್ನು ನನಗೆ ಕೇಳಿದವರು ನಮ್ಮೂರಿನ ವಯಸ್ಸಾದ ಕಮ್ಮಾರರೊಬ್ಬರು. ಗುದ್ದಲಿಗೆ ಕಾವು ಹಾಕಿಸಲು ಹೋಗಿದ್ದೆ. "ಹಿಡಿಯೋರು ಯಾರಮ್ಮಾ?" ಎಂದರು. ನಾನೇ ಎಂದೆ. ನನ್ನನ್ನು ನೆಟ್ಟಗೆ ನಿಲ್ಲಲು ಹೇಳಿ, ಕೋಲನ್ನು ಪಕ್ಕಕ್ಕಿಟ್ಟು ಅಳತೆ ನೋಡಿದರು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು ಹಿಡಿಸಿ, ಹಿಂದಕ್ಕೆ ಪಡೆದು ಇನ್ನೂ ಎರಡು ಸಲ ಹೆರೆದರು. "ಗಂಡಸರ ಕೈಗೆ ಮಾಡಿದ್ದು ನಿಮಗೆ ಆಗಿಬರಲ್ಲ, ಸಂಜೆಗೆ ರಟ್ಟೆ ಬೀಳುತ್ತೆ" ಎಂದರು. ಅಷ್ಟೇ ಮಾತು. ಬಿ.ಎಡ್.ನಲ್ಲಿ ನಾವು ಓದಿದ ಮನಶ್ಶಾಸ್ತ್ರದ ಪುಸ್ತಕವೂ ಮಗುವಿಗೆ ತಕ್ಕಂತೆ ಪಾಠ ಎಂದು ಅಧ್ಯಾಯಗಟ್ಟಲೆ ಹೇಳಿದ್ದು ಇದನ್ನೇ. ಎದುರಿಗಿರುವವರು ಯಾರು ಎಂದು ಮೊದಲು ಕೇಳಬೇಕು.

ಮೊದಲು ಉಪಕರಣಗಳ ಮಾತನ್ನೇ ಮುಗಿಸೋಣ. 30-40ರ ಸೈಟಿನಲ್ಲಿ ಮನೆ ಕಟ್ಟಿ, ಉಳಿದ ಜಾಗದಲ್ಲಿ ಎರಡು ದಾಸವಾಳ, ಒಂದು ಕರಿಬೇವು, ಒಂದು ಮಲ್ಲಿಗೆ ಬಳ್ಳಿ, ಒಂದಿಷ್ಟು ಬಸಳೆ, ಹರಿವೆ ಬೆಳೆದುಕೊಳ್ಳುವ ನಮ್ಮಂಥವರಿಗೆ ಬೇಕಾದವು ಐದೇ. ಮಣ್ಣು ಅಗೆಯಲು ಗುದ್ದಲಿ, ಕಳೆ ತೆಗೆಯಲು ಮತ್ತು ಸಸಿ ನೆಡಲು ಕುರ್ಪಿ, ಪೊದೆ ಸವರಲು ಕತ್ತಿ, ಟೊಂಗೆ ಕತ್ತರಿಸಲು ಗಿಡದ ಕತ್ತರಿ, ನೀರು ಹಾಕಲು ಜರಡಿ ಮೂತಿಯ ಡಬ್ಬ. ಜೊತೆಗೆ ಹರಿತ ಮಾಡಲು ಒಂದು ಅರ ಇದ್ದರೆ ಸಂಸಾರ ಪೂರ್ತಿಯಾಯಿತು.

ಗುದ್ದಲಿಯನ್ನು ಅಂಗಡಿಯಲ್ಲೇ ಹತ್ತು ಸಲ ಎತ್ತಿ ಇಳಿಸಿ ನೋಡಬೇಕು. ಅಂಗಡಿಯವರು ನಕ್ಕರೆ ನಗಲಿ. ಹತ್ತನೆಯ ಸಲಕ್ಕೆ ಭಾರವೆನಿಸಿದ್ದು ನೂರನೆಯ ಸಲಕ್ಕೆ ಹಗುರವಾಗುವುದಿಲ್ಲ. ಕಾವಿನ ಮರದ ಎಳೆ ತುದಿಯಿಂದ ಬುಡದವರೆಗೆ ಉದ್ದಕ್ಕೆ ಹರಿದಿರಬೇಕು. ಅಡ್ಡ ಎಳೆ ಇದ್ದರೆ ಅದು ಅಲ್ಲಿಯೇ ಮುರಿಯುತ್ತದೆ. ಕರಿಜಾಲಿಯ ಕಾವು ಗಟ್ಟಿ. ದಪ್ಪನಾಗಿ ಬಣ್ಣ ಬಳಿದ ಕಾವನ್ನು ನಂಬಬಾರದು, ಬಣ್ಣದ ಕೆಳಗೆ ಗಂಟು ಇದ್ದರೆ ಕಾಣುವುದಿಲ್ಲ. ಹಿಡಿದಾಗ ಹೆಬ್ಬೆರಳು ಸುತ್ತಿ ಬಂದು ಬೇರೆ ಬೆರಳುಗಳ ತುದಿಗೆ ತಾಕಬೇಕು. ಕುರ್ಪಿಯ ಕಬ್ಬಿಣದ ಬಾಲ ಹಿಡಿಯೊಳಗೆ ಆಳವಾಗಿ ಇಳಿದಿರಬೇಕು, ಇಲ್ಲದಿದ್ದರೆ ಮೊದಲ ಗಟ್ಟಿ ಮಣ್ಣಿಗೇ ಕಳಚಿಕೊಳ್ಳುತ್ತದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರರು ಮಾಡಿಕೊಡುವ ಕತ್ತಿ ನೋಡಲು ಒರಟಾದರೂ ಹರಿತ ಬಹುಕಾಲ ನಿಲ್ಲುತ್ತದೆ. ಗಿಡದ ಕತ್ತರಿಯಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಅಲಗುಗಳು ಒಂದನ್ನೊಂದು ಹಾದು ಹೋಗುತ್ತವೆ, ಇನ್ನೊಂದರಲ್ಲಿ ಅಲಗು ಚಪ್ಪಟೆ ಕಬ್ಬಿಣದ ಮೇಲೆ ಕೂರುತ್ತದೆ. ಹಸಿ ಟೊಂಗೆಗೆ ಮೊದಲನೆಯದೇ ಸರಿ, ಎರಡನೆಯದು ಕಾಂಡವನ್ನು ಜಜ್ಜುತ್ತದೆ. ನೀರಿನ ಡಬ್ಬ ದೊಡ್ಡದಿದ್ದರೆ ಕೆಲಸ ಬೇಗ ಮುಗಿಯುತ್ತದೆಂದು 10 ಲೀಟರಿನದನ್ನು ತರುವವರಿದ್ದಾರೆ. 10 ಲೀಟರ್ ನೀರೆಂದರೆ 10 ಕಿಲೋ. 5 ಲೀಟರಿನದು ತಂದು ಎರಡು ಸಲ ನಡೆದರೆ ಬೆನ್ನು ಉಳಿಯುತ್ತದೆ.

ಬಳಸುವ ಕ್ರಮವೂ ಕಷ್ಟದ್ದಲ್ಲ. ಕೆಲಸವಾದ ಮೇಲೆ ಮಣ್ಣು ತೊಳೆದು, ಒರೆಸಿ, ಕಬ್ಬಿಣಕ್ಕೆ ಒಂದು ಹನಿ ಎಣ್ಣೆ ಸವರಿಟ್ಟರೆ ಮಳೆಗಾಲದಲ್ಲೂ ತುಕ್ಕು ಹತ್ತಿರ ಬರುವುದಿಲ್ಲ. ತಿಂಗಳಿಗೊಮ್ಮೆ ಅರದಿಂದ ನಾಲ್ಕು ಸಲ ಎಳೆದರೆ ಅಂಚು ನಿಲ್ಲುತ್ತದೆ. ಹರಿತವಾದದ್ದು ಅಪಾಯ, ಮೊಂಡಾದದ್ದು ಕ್ಷೇಮ ಎಂದು ನಮ್ಮಲ್ಲಿ ಅನೇಕರ ನಂಬಿಕೆ. ಇದು ತಿರುಗುಮುರುಗು. ಮೊಂಡು ಕತ್ತಿಗೆ ಹೆಚ್ಚು ಬಲ ಹಾಕುತ್ತೇವೆ. ಹೆಚ್ಚು ಬಲ ಹಾಕಿದ್ದು ಜಾರಿದರೆ ಆಗುವ ಗಾಯವೂ ಹೆಚ್ಚು.

ಇಷ್ಟನ್ನು ಯಾವ ತೋಟಗಾರಿಕೆಯ ಪುಸ್ತಕವಾದರೂ ಹೇಳೀತು. ಪುಸ್ತಕಗಳು ಹೇಳದ ಮಾತು ಒಂದಿದೆ. ಕೊಳ್ಳುವವರೂ ಬಳಸುವವರೂ ಒಬ್ಬರೇ ಎಂದು ಅವು ಭಾವಿಸಿರುತ್ತವೆ. ನಮ್ಮ ಮನೆಗಳಲ್ಲಿ ಹಾಗಿಲ್ಲ. ಕೊಳ್ಳುವವರು ಒಬ್ಬರು, ಬೆವರು ಸುರಿಸುವವರು ಇನ್ನೊಬ್ಬರು.

ನಮ್ಮ ಬೀದಿಯ ಮನೆಗಳಿಗೆ ಕಳೆ ಕೀಳಲು ಬರುವ ಹೆಂಗಸೊಬ್ಬರಿದ್ದಾರೆ, ನನಗಿಂತ ಹಿರಿಯರು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ತಮ್ಮದೇ ಕುರ್ಪಿಯನ್ನು ಮನೆಯಿಂದ ಮನೆಗೆ ಹೊತ್ತು ತಿರುಗುತ್ತಾರೆ. ಹಿಡಿ ಸವೆದು ನುಣುಪಾಗಿ ಅವರ ಬೆರಳಿನ ಗುರುತನ್ನೇ ಪಡೆದುಕೊಂಡಿದೆ. "ಎಲ್ಲರ ಮನೆಯಲ್ಲೂ ಒಂದು ಇರುತ್ತದಲ್ಲ, ಇದನ್ನೇಕೆ ಹೊರುತ್ತೀರಿ?" ಎಂದು ಕೇಳಿದೆ. "ಇರ್ತದೆ ಟೀಚರಮ್ಮಾ. ಅವರ ಕೆಲಸಕ್ಕೆ ಬರದೇ ಇದ್ದದ್ದನ್ನ ನಮ್ಮ ಕೆಲಸಕ್ಕೆ ಅಂತ ಇಟ್ಟಿರ್ತಾರೆ" ಎಂದು ನಕ್ಕರು. ಅವರ ನಗುವಿನಲ್ಲಿ ಕಹಿಯೇನೂ ಇರಲಿಲ್ಲ. ಮಳೆ ಬಂದರೆ ನೆಲ ಕೆಸರಾಗುತ್ತದೆ ಎಂಬಷ್ಟು ಸಹಜವಾಗಿ ಹೇಳಿದರು. ನನಗೆ ಚುಚ್ಚಿದ್ದು ಆ ಸಹಜತೆಯೇ.

ಯೋಚಿಸಿದರೆ ಮಾತು ನಿಜ. ಕೆಲಸದವರಿಗೆಂದು ಬೇರೆ ಲೋಟ ಇಡುವುದು ತಪ್ಪೆಂದು ಇಂದು ಬಹುಪಾಲು ಜನ ಬಾಯಲ್ಲಾದರೂ ಒಪ್ಪುತ್ತಾರೆ. ಆದರೆ ಹಿತ್ತಿಲ ಮೂಲೆಗೆ ಹೋಗಿ ನೋಡಿ. ತಳ ತೂತಾದ ಬಕೆಟ್ಟು, ಹಿಡಿ ಸೀಳಿದ ಕುರ್ಪಿ, ಅರ್ಧಕ್ಕೆ ಸವೆದ ಪೊರಕೆ, ಅಲ್ಲಾಡುವ ಕಾವಿನ ಗುದ್ದಲಿ. ಇವು ಯಾರಿಗಾಗಿ ಕಾದಿವೆ? ಲೋಟ ಹೋದರೂ ಲೋಟದ ಹಿಂದಿದ್ದ ಎಣಿಕೆ ಅಲ್ಲಿಯೇ ಉಳಿದಿದೆ.

ಹೆಸರಿನಲ್ಲೇ ಕಸುಬನ್ನು ಹೊತ್ತ ಶರಣೆಯರು ನಮ್ಮ ನಾಡಿನಲ್ಲಿ 12ನೆಯ ಶತಮಾನದಲ್ಲಿದ್ದರು. ಕದಿರ ರೆಮ್ಮವ್ವೆ ನೂಲುವ ಕದಿರನ್ನೇ ಹೆಸರಿಗೆ ಅಂಟಿಸಿಕೊಂಡವಳು. ಕೊಟ್ಟಣದ ಸೋಮಮ್ಮನ ಹೆಸರಿನಲ್ಲಿರುವುದು ಭತ್ತ ಕುಟ್ಟುವ ಕೆಲಸ. ಕೈಯಲ್ಲಿರುವುದನ್ನು ಮುಚ್ಚಿಡಬೇಕಾದ ವಸ್ತುವೆಂದು ಅವರು ತಿಳಿಯಲಿಲ್ಲ. ಸೀರೆಯ ತುಂಡಿನಲ್ಲಿ ಕುರ್ಪಿ ಸುತ್ತಿಕೊಂಡು ಬರುವ ಆ ಹಿರಿಯರನ್ನು ನೋಡಿದಾಗ ನನಗೆ ಈ ಹೆಸರುಗಳು ನೆನಪಾಗುತ್ತವೆ. ತನ್ನ ಉಪಕರಣ ತನ್ನ ಬಳಿ ಇರುವವರ ನಡಿಗೆಯೇ ಬೇರೆ.

"ಅವರಿಗೆ ಅಭ್ಯಾಸವಾಗಿರುತ್ತದೆ" ಎನ್ನುವುದು ನಾವು ಸಾಮಾನ್ಯವಾಗಿ ಹೇಳುವ ಸಮಾಧಾನ. ಅಭ್ಯಾಸ ಎಂದರೇನು? ಅಂಗೈ ಜಡ್ಡುಗಟ್ಟುವುದು. ಜಡ್ಡು ಎಂದರೆ ನೋವನ್ನು ತಡೆಯಲು ಚರ್ಮ ಕಟ್ಟಿಕೊಂಡ ಗೋಡೆ. ಅದನ್ನು ನೋವಿಗೆ ಕೊಟ್ಟ ಒಪ್ಪಿಗೆ ಎಂದು ಓದುವುದು ನಮ್ಮ ಅನುಕೂಲಕ್ಕೆ. "ಒಳ್ಳೆಯದು ಕೊಟ್ಟರೆ ಹಾಳುಮಾಡುತ್ತಾರೆ" ಎಂಬುದು ಇನ್ನೊಂದು ಮಾತು. ಕಾವು ಅಲ್ಲಾಡುವ ಗುದ್ದಲಿಯನ್ನು ಯಾರು ತಾನೇ ತೊಳೆದು ಎಣ್ಣೆ ಹಚ್ಚಿ ಇಟ್ಟಾರು? ವಸ್ತುವಿನ ಮೇಲೆ ಅಕ್ಕರೆ ಬರಬೇಕಾದರೆ ಆ ವಸ್ತು ಮೊದಲು ಕೈಯನ್ನು ಅಕ್ಕರೆಯಿಂದ ಕಾಣಬೇಕು.

ಶಾಲೆಯಲ್ಲಿಯೂ ಇದನ್ನೇ ಕಂಡಿದ್ದೇನೆ. ಕೈಕೆಲಸದ ಮೂಲಕ ಮಕ್ಕಳು ಕಲಿಯಲಿ ಎಂಬ ಯೋಜನೆಯನ್ನು ಗಾಂಧೀಜಿ 1937ರಲ್ಲಿ ವಾರ್ಧಾದ ಸಮ್ಮೇಳನದ ಮುಂದಿಟ್ಟರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಹೆಸರಿನಲ್ಲಿ ಅದನ್ನು ಶಾಲೆಗಳಿಗೆ ಶಿಫಾರಸು ಮಾಡಿತು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಶನಿವಾರ ಕೈತೋಟದ ಕೆಲಸವಿರುತ್ತಿತ್ತು. ಗುದ್ದಲಿ, ಹಾರೆಗಳು ಹುಡುಗರ ಪಾಲು. ಹುಡುಗಿಯರಿಗೆ ಪೊರಕೆ, ನೀರಿನ ಕೊಡ. "ಹುಡುಗಿಯರ ಕೈಯಲ್ಲಿ ಅಗೆಯುವುದಕ್ಕೆ ಆಗುವುದಿಲ್ಲ" ಎಂದು ಮೇಷ್ಟ್ರೊಬ್ಬರು ಖಂಡಿತವಾಗಿ ಹೇಳುತ್ತಿದ್ದರು. ಅಲ್ಲಿದ್ದ ಗುದ್ದಲಿ ದೊಡ್ಡವರ ರಸ್ತೆ ಕೆಲಸದ ಗುದ್ದಲಿ, ಎಂಟನೆಯ ತರಗತಿಯ ಹುಡುಗರೂ ಅದನ್ನು ಎತ್ತಿ ಹಾಕುವಾಗ ಓಲಾಡುತ್ತಿದ್ದರು. ಒಂದು ವರ್ಷ ಯಾರೋ ಪೋಷಕರು ಎರಡು ಸಣ್ಣ ಗುದ್ದಲಿ ಕೊಟ್ಟರು. ಆ ವರ್ಷ ಹರಿವೆ ಮಡಿಯನ್ನು ದಾರ ಹಿಡಿದಂತೆ ನೇರವಾಗಿ ತೆಗೆದವರು ಏಳನೆಯ ತರಗತಿಯ ಹುಡುಗಿಯರು. ಆಗುವುದಿಲ್ಲ ಎಂಬ ಮಾತು ಕೈಯ ಬಗ್ಗೆಯೋ, ಕೈಗೆ ಕೊಟ್ಟದ್ದರ ಬಗ್ಗೆಯೋ?

ನಮ್ಮಲ್ಲೊಂದು ಗಾದೆ ಇದೆ, ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಎಷ್ಟು ಜನರ ಬಾಯನ್ನು ಈ ಗಾದೆ ಮುಚ್ಚಿಸಿದೆಯೋ! ಗಾದೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಅದನ್ನು ಮಟ್ಟ ಹಿಡಿದು ನೋಡಬೇಕಾದವರು ಯಾರು, ಕುಣಿಯುವವಳೋ, ನೆಲ ಹಾಕಿಸಿದವರೋ?

ದೂರದ ದೇಶವೊಂದರಲ್ಲಿ ಈ ಪ್ರಶ್ನೆ ನ್ಯಾಯಾಲಯಕ್ಕೇ ಹೋಯಿತು, ಅದೂ ಒಂದು ಗುದ್ದಲಿಯ ಕಾವಿನ ವಿಷಯದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲೆಟ್ಯೂಸ್ ಸೊಪ್ಪು, ಬೀಟ್‌ಗಡ್ಡೆಗಳ ಹೊಲಗಳಲ್ಲಿ ಸಸಿ ವಿರಳ ಮಾಡಲು, ಕಳೆ ತೆಗೆಯಲು ಕೂಲಿಗಳಿಗೆ ಸುಮಾರು ಒಂದು-ಒಂದೂವರೆ ಅಡಿ ಕಾವಿನ ಗುದ್ದಲಿ ಕೊಡುತ್ತಿದ್ದರು. ಕೂಲಿಗಳಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದವರು. ಅವರ ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ 'ಎಲ್ ಕೊರ್ತಿತೊ' ಎಂದರೆ 'ಗಿಡ್ಡದ್ದು' ಎಂದು ಹೆಸರು. ಅದನ್ನು ಹಿಡಿದರೆ ದಿನವಿಡೀ ಸೊಂಟ ಬಗ್ಗಿಸಿಕೊಂಡೇ ಇರಬೇಕು. ಉದ್ದ ಕಾವು ಕೊಟ್ಟರೆ ಕೆಲಸ ನಾಜೂಕಾಗದು, ಬೆಳೆಗೆ ಪೆಟ್ಟು ಎಂದು ಜಮೀನುದಾರರು ವಾದಿಸಿದರು. ಗಿಡ್ಡ ಕಾವು ಇದ್ದರೆ ಯಾರು ಬಗ್ಗಿದ್ದಾರೆ, ಯಾರು ನೆಟ್ಟಗಾಗಿ ನಿಂತಿದ್ದಾರೆ ಎಂದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು ಎಂಬುದು ಕೂಲಿಗಳಿಗೆ ಗೊತ್ತಿದ್ದ ಇನ್ನೊಂದು ಕಾರಣ. ಬೆನ್ನುಮೂಳೆಗೆ ಆಗುವ ಹಾನಿಯನ್ನು ವೈದ್ಯರು ಹೇಳಿದರು. ಅಪಾಯಕಾರಿ ಉಪಕರಣ ಕೊಡಬಾರದೆಂಬ ನಿಯಮ ಅಲ್ಲಿ ಮೊದಲೇ ಇತ್ತು. ಆದರೆ ಅದು ಮುರಿದ, ಕೆಟ್ಟ ಉಪಕರಣಗಳಿಗೆ ಮಾತ್ರ ಅನ್ವಯಿಸುತ್ತದೆ, ಈ ಗುದ್ದಲಿ ಗಟ್ಟಿಯಾಗಿಯೇ ಇದೆಯಲ್ಲ ಎಂದು ಅಧಿಕಾರಿಗಳು ಹೇಳಿದ್ದರು. 1975ರ ಜನವರಿಯಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ಅರ್ಥ ತಪ್ಪು ಎಂದಿತು. ವಸ್ತು ಗಟ್ಟಿಯಾಗಿದ್ದರೂ ಅದನ್ನು ಬಳಸಲೇಬೇಕಾದ ರೀತಿಯಿಂದ ದೇಹ ಕೆಡುವುದಾದರೆ ಅದೂ ಅಪಾಯಕಾರಿಯೇ. ಅದೇ ವರ್ಷ ಗಿಡ್ಡ ಗುದ್ದಲಿ ಅಲ್ಲಿ ನಿಷೇಧವಾಯಿತು. ಉದ್ದ ಕಾವು ಬಂತು, ಸೊಪ್ಪೂ ಎಂದಿನಂತೆ ಬೆಳೆಯಿತು.

ನಮ್ಮ ದೇಶದಲ್ಲಿಯೂ ಯೋಚಿಸಿದವರಿಲ್ಲದೆ ಇಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಹೆಂಗಸರ ಎತ್ತರ, ಬಲಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಉಪಕರಣಗಳನ್ನು ರೂಪಿಸಿದ್ದಾರೆ. ನಿಂತುಕೊಂಡೇ ಮುಂದೆ ನೂಕಿ ಕಳೆ ತೆಗೆಯುವ ಗಾಲಿಯ ಗುದ್ದಲಿಗಳೂ ಬಂದಿವೆ. ಆದರೆ ಅವು ನಮ್ಮ ಹಿತ್ತಿಲ ಮೂಲೆಯವರೆಗೆ ಬರಬೇಕಾದರೆ ಯಾರಾದರೂ ಅಂಗಡಿಯಲ್ಲಿ ಕೇಳಬೇಕಲ್ಲ?

ಏಕೆ ಕೇಳುವುದಿಲ್ಲ? ಇದಕ್ಕೆ ಉತ್ತರ ಹಿತ್ತಿಲಿನಲ್ಲಿಲ್ಲ, ಅಡುಗೆಮನೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ನಮ್ಮ ಅಡುಗೆಮನೆಯ ಚಾಕುವನ್ನೇ ನೆನೆಸಿಕೊಳ್ಳಿ. ಟೊಮೇಟೊ ಕೊಯ್ಯಲು ಹೋದರೆ ರಸ ಸುರಿಯುತ್ತದೆ. ಈಳಿಗೆಮಣೆಯ ಕಾಲು ಅಲ್ಲಾಡುತ್ತದೆ, ಅದಕ್ಕೆ ಕಾಗದ ಮಡಿಸಿ ಇಟ್ಟು ಎಷ್ಟೋ ವರ್ಷವಾಯಿತು. ಮನೆಗೆ ಹೊಸ ಟಿ.ವಿ. ಬಂತು, ಮಗನಿಗೆ ಬೈಕು ಬಂತು. ನೂರು ಗ್ರಾಂ ಬೀನ್ಸ್ ಕತ್ತರಿಸುವಾಗಲೂ ಬೆರಳು ನೋಯುತ್ತದೆಂದು ನಾವು ಹೇಳಲಿಲ್ಲ. "ಹೇಗೋ ಆಗುತ್ತದೆ ಬಿಡಿ" ಎಂದೆವು. ತನಗೊಂದು ಒಳ್ಳೆಯ ಚಾಕು ಬೇಕೆಂದು ಕೇಳಲು ಸಂಕೋಚಪಡುವವಳಿಗೆ ಇನ್ನೊಬ್ಬಳ ಕೈಯ ಕುರ್ಪಿ ಹೇಗೆ ಕಣ್ಣಿಗೆ ಬಿದ್ದೀತು? ತನ್ನ ನೋವನ್ನು ಲೆಕ್ಕಕ್ಕಿಡದೆ ಇರುವುದನ್ನು ನಾವು ತ್ಯಾಗ ಎನ್ನುತ್ತೇವೆ. ಅದು ಸದ್ದಿಲ್ಲದೆ ಇನ್ನೊಬ್ಬರ ನೋವನ್ನೂ ಲೆಕ್ಕದಿಂದ ಹೊರಗಿಡಲು ಕಲಿಸುತ್ತದೆ. ಹಾಗಾಗಿ ಮೊದಲು ನಮ್ಮ ಚಾಕುವನ್ನು ಸಾಣೆ ಹಿಡಿಸೋಣ. ಅದರಲ್ಲಿ ಸ್ವಾರ್ಥವೇನೂ ಇಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಒಳ್ಳೆಯ ಕುರ್ಪಿ ಕೊಟ್ಟೆವು ಎನ್ನೋಣ. ಮೂರು ಗಂಟೆಯ ಕೆಲಸ ಎರಡೂವರೆ ಗಂಟೆಗೆ ಮುಗಿಯಿತು. ಉಳಿದ ಅರ್ಧ ಗಂಟೆ ಯಾರದು?

"ಬೇಗ ಮುಗಿಯಿತಲ್ಲ, ಹಾಗೇ ಈ ಕಡೆಯ ಚರಂಡಿಯನ್ನೂ ಒಂದಿಷ್ಟು..." ಎಂಬ ಮಾತು ಎಷ್ಟು ಸಲೀಸಾಗಿ ನಾಲಗೆಗೆ ಬರುತ್ತದೆ! ಆಗ ನಾವು ಕೊಟ್ಟ ಹರಿತ ಕುರ್ಪಿ ಅವರಿಗಾಗಿ ಕೊಟ್ಟದ್ದಾಗುವುದಿಲ್ಲ, ಚರಂಡಿಗಾಗಿ ಕೊಟ್ಟದ್ದಾಗುತ್ತದೆ. "ಉಪಕರಣಕ್ಕೆ ದುಡ್ಡು ಕೊಟ್ಟವರು ನಾವು, ಉಳಿತಾಯ ನಮ್ಮದು" ಎಂದು ವಾದಿಸಬಹುದು. ದಿನಗೂಲಿಯೆಂದು ಮೊದಲೇ ಮಾತಾಗಿದ್ದರೆ ಆ ವಾದದಲ್ಲಿ ಒಂದಿಷ್ಟು ಹುರುಳಿದೆ. ಗುತ್ತಿಗೆಯೆಂದು ಮಾತಾಗಿದ್ದರೆ ಆ ಹೊತ್ತು ಸಂಪೂರ್ಣ ಅವರದು. ನಮ್ಮ ಬೀದಿಗಳಲ್ಲಿ ನಡೆಯುವುದು ಇವೆರಡೂ ಅಲ್ಲ. ಕೆಲಸ ಉದ್ದವಾದರೆ ಗುತ್ತಿಗೆ ಎನ್ನುತ್ತೇವೆ, ಗಿಡ್ಡವಾದರೆ ದಿನಗೂಲಿ ಎನ್ನುತ್ತೇವೆ. ಯಾವುದು ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳುವುದು ಕನಿಷ್ಠ ನ್ಯಾಯ. ದಿನಗೂಲಿಯಾದರೂ, ಹರಿತವಾದ ಅಲಗನ್ನು ನಡೆಸಿದ್ದು ಅವರ ಕೈ ಎಂಬುದನ್ನು ನೆನೆದು ಉಳಿದ ಹೊತ್ತಿನಲ್ಲಿ ಅರ್ಧವಾದರೂ ಅವರಿಗೆ ಬಿಡುವುದು ಅದಕ್ಕಿಂತ ಮೇಲಿನ ಮಾತು.

ಇದು ನಮಗೆ ಅರ್ಥವಾಗದ ವಿಷಯವೇನಲ್ಲ. ಒರಳುಕಲ್ಲು ಹೋಗಿ ಮಿಕ್ಸಿ ಬಂತು, ಸೌದೆ ಒಲೆ ಹೋಗಿ ಗ್ಯಾಸ್ ಬಂತು, ಬಟ್ಟೆ ಒಗೆಯುವ ಯಂತ್ರವೂ ಬಂತು. ಆ ಎಲ್ಲ ಹೊತ್ತು ನಮಗೆ ಉಳಿಯಿತೇ? "ಮಿಕ್ಸಿ ಇದೆಯಲ್ಲ, ಇವತ್ತು ದೋಸೆಗೆ ಎರಡು ಬಗೆ ಚಟ್ನಿ ಮಾಡು" ಎಂದರು. "ಮಷಿನ್ನು ಇದೆಯಲ್ಲ" ಎಂದು ದಿನಕ್ಕೆರಡು ಜೊತೆ ಬಟ್ಟೆ ಬಿಚ್ಚಿ ಹಾಕಿದರು. ಉಳಿದ ಹೊತ್ತನ್ನು ನಮ್ಮನ್ನು ಕೇಳದೆ ಇನ್ನೊಬ್ಬರು ಖರ್ಚು ಮಾಡಿದಾಗ ಹೇಗಿರುತ್ತದೆ ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಬಲ್ಲವರೇ ಅದನ್ನು ಇನ್ನೊಬ್ಬಳಿಗೆ ಮಾಡಬಾರದು. ನನಗೆ ತಿಳಿದ ಧರ್ಮದ ಮಾತುಗಳಲ್ಲಿ ಇದಕ್ಕಿಂತ ಸರಳವಾದದ್ದು ಇಲ್ಲ, ಇದಕ್ಕಿಂತ ಕಷ್ಟವಾದದ್ದೂ ಇಲ್ಲ.

ವರ್ಷಕ್ಕೊಮ್ಮೆ ಮಹಾನವಮಿಯಂದು ಆಯುಧಪೂಜೆ ಮಾಡುತ್ತೇವೆ. ಕಾರು, ಸ್ಕೂಟರುಗಳ ಜೊತೆಗೆ ಹಿತ್ತಿಲ ಗುದ್ದಲಿ, ಕತ್ತಿಗಳಿಗೂ ಅಂದು ಕುಂಕುಮ, ಒಂದು ಸೇವಂತಿಗೆ. ಅಂದು ಆಯುಧಗಳಿಗೆ ವಿರಾಮ. ಹಿಂದಿನ ದಿನ ಅವನ್ನು ತೊಳೆದಿಡುವ ಪದ್ಧತಿ ಇದೆಯಷ್ಟೆ. ಈ ಸಲ ತೊಳೆಯುವ ಮುಂಚೆ ಒಂದೊಂದನ್ನೂ ನಮ್ಮ ಕೈಯಲ್ಲೇ ಹಿಡಿದು, ನಾಲ್ಕು ಅಡಿ ಜಾಗದ ಕಳೆ ತೆಗೆದು ನೋಡೋಣ. ಅಂಗೈ ಉರಿಸಿದ್ದನ್ನು, ಮಣಿಕಟ್ಟು ನೋಯಿಸಿದ್ದನ್ನು ಗುಜರಿಯವನಿಗೆ ಕೊಡೋಣ. ಅದರ ಜಾಗಕ್ಕೆ ಹೊಸದು ತರುವಾಗ ಅದನ್ನು ಹಿಡಿಯುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರು ಎತ್ತಿ ಇಳಿಸಿ ನೋಡಿ "ಇದು ಆದೀತು" ಎನ್ನುವವರೆಗೆ ಕಾಯೋಣ. ಸೀರೆಗಾಗಿ ಕಾಯುವಷ್ಟು ಹೊತ್ತೇನೂ ಅದಕ್ಕೆ ಬೇಕಾಗುವುದಿಲ್ಲ.